ನೀರು ಕಂಡ ಬಟ್ಟೆ

ದತ್ತಾತ್ರೇಯ ಪೊಟ್ಟಣವನ್ನು ಬಿಚ್ಚಲೂ ಇಲ್ಲ. ತೂಕ ನೋಡುವವನಂತೆ ಎರಡು ಕೈಯಲ್ಲೂ ಒಂದು ಕ್ಷಣ ಹಿಡಿದು ನಿಂತ. ಆಮೇಲೆ ಹಾಗೆಯೇ ಸ್ಪಂದನಾಳ ಕಡೆಗೆ ಚಾಚಿದ.

"ಬೇಡಿ. ಬೇರೆ ಯಾರಿಗಾದ್ರೂ ಕೊಡಿ."

"ಸೈಜ್ ಸರಿ ಇಲ್ವಾ? ನೀವು ನೋಡೇ ಇಲ್ವಲ್ಲ."

"ಸೈಜ್ ಅಲ್ಲ. ನನಗೆ ಬೇಡ, ಅಷ್ಟೆ."

ಸ್ವೀಡನ್ನಿನ ರೋಕ್ಸೆನ್ ಸರೋವರ ಆ ಭಾನುವಾರ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಲಿಂಕೋಪಿಂಗ್‌ನಿಂದ ಬಂದ ಸ್ಕೇಟಿಂಗ್ ಗುಂಪಿನವರು ದಡದ ಕಲ್ಲುಗಳ ಮೇಲೆ ಕುಳಿತು ಬೂಟುಗಳಿಗೆ ಉದ್ದನೆಯ ಅಲಗುಗಳನ್ನು ಕಟ್ಟಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರ ಎದೆಯ ಮೇಲೆ ಕುಂಕುಮದ ಬೊಟ್ಟಿನಷ್ಟು ಚಿಕ್ಕ ಕೆಂಪು ದೀಪ ಕಾಣುತ್ತಿತ್ತು.

ಅವರು ತೊಟ್ಟದ್ದೂ ಪೊಟ್ಟಣದಲ್ಲಿದ್ದದ್ದೂ ಸ್ಪಂದನಾ ಕೆಲಸ ಮಾಡುವ ಸಣ್ಣ ಕಂಪನಿಯ ಜಾಕೆಟ್. ಬೆನ್ನಿನಲ್ಲೂ ಎದೆಯಲ್ಲೂ ಬಟ್ಟೆಯ ಮಡಿಕೆಯೊಳಗೆ ಕೂದಲೆಳೆಯಂಥ ತಂತಿಗಳಿದ್ದವು. ಒಳಜೇಬಿನಲ್ಲಿ ಬ್ಯಾಟರಿ. ಗುಂಡಿ ಒತ್ತಿದರೆ ಜಾಕೆಟ್ ಬೆಚ್ಚಗಾಗುತ್ತಿತ್ತು. ಮಂಜುಗಡ್ಡೆಯ ಮೇಲೆ ಗಂಟೆಗಟ್ಟಲೆ ಓಡುವವರಿಗೆ ಅದು ಎಷ್ಟು ಆಗಿಬರುತ್ತದೆಂದು ನೋಡುವುದು ಅವಳ ಕೆಲಸ. ಗುಂಪಿನಲ್ಲಿ ಕೇಳಿದವರಿಗೆ ಒಂದೊಂದು ಕೊಟ್ಟಿದ್ದಳು. ದತ್ತಾತ್ರೇಯ ಕೇಳಿರಲಿಲ್ಲ. ಅವನಿಗೆಂದು ಅವಳೇ ತಂದಿದ್ದಳು.

ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕುವಾಗ ಅವಳ ಕಿವಿ ಬಿಸಿಯಾಯಿತು. ಅದಕ್ಕೆ ಯಾವ ಬ್ಯಾಟರಿಯೂ ಬೇಕಾಗಿರಲಿಲ್ಲ.

ಇಬ್ಬರೂ ಒಟ್ಟಿಗೆ ಸ್ಕೇಟ್ ಮಾಡತೊಡಗಿ ಇದು ಮೂರನೆಯ ಚಳಿಗಾಲ. ಅವನು ವಿಮಾನದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯಲು ಬೆಂಗಳೂರಿನಿಂದ ಬಂದವನು. ಅವಳು ಐದು ವರ್ಷದ ಮಗುವಾಗಿ ಈ ದೇಶಕ್ಕೆ ಬಂದು ಇಲ್ಲೇ ಬೆಳೆದವಳು. ಮೊದಲ ವರ್ಷ ಅವನು ಬಿದ್ದಾಗಲೆಲ್ಲ ಅವಳು ನಗುತ್ತಿದ್ದಳು. ಎರಡನೆಯ ವರ್ಷ ಅವನು ಬೇಕೆಂದೇ ಬೀಳುತ್ತಾನೆಂದು ಅವಳಿಗೆ ಗುಮಾನಿ ಬಂದಿತ್ತು. ಕೇಳಿದರೆ, "ನೀವು ನಗೋದು ನಿಂತುಹೋದ್ರೆ ನಾನೂ ಬೀಳೋದು ನಿಲ್ಲಿಸ್ತೀನಿ" ಎಂದು ಕಣ್ಣಂಚಿನಲ್ಲಿ ನೋಡಿದ್ದ.

ಈ ವರ್ಷ ಆ ನೋಟ ಇರಲಿಲ್ಲ. ಕಳೆದ ಆಶ್ವಯುಜದಲ್ಲಿ ಅವನ ತಾಯಿ ನಂಜನಗೂಡಿನಲ್ಲಿ ತೀರಿಕೊಂಡಿದ್ದರು. ಹಿರಿಯ ಮಗನಾದ ಅವನು ಹೋಗಿ ಕರ್ಮಗಳನ್ನು ಮುಗಿಸಿಕೊಂಡು ಬೋಳುತಲೆಯಲ್ಲಿ ಹಿಂದಿರುಗಿದ. ಅವಳು ಏನೋ ಎರಡು ಮಾತು ಹೇಳಿದ್ದಳು. ಅವನು ತಲೆಯಾಡಿಸಿದ್ದ. ಅಲ್ಲಿಂದ ಈಚೆಗೆ ಅವನು ಸ್ಕೇಟ್ ಮಾಡುತ್ತಿದ್ದದ್ದು ಎಲ್ಲಿಗೋ ಹೋಗಿ ಸೇರಬೇಕಾದವನಂತೆ. ಮಾತಿಲ್ಲ, ಬೀಳುವುದೂ ಇಲ್ಲ.

ಸರೋವರದ ನಡುವಿನ ದ್ವೀಪದ ಮರೆಯಲ್ಲಿ ಎಲ್ಲರೂ ಫೀಕಾಗೆ, ಅಂದರೆ ಕಾಫಿಯ ಬಿಡುವಿಗೆ, ನಿಂತರು. ದತ್ತಾತ್ರೇಯ ಕಾಫಿಯ ಲೋಟ ಹಿಡಿಯಲು ಹೋಗಿ ಅರ್ಧ ಚೆಲ್ಲಿದ. ಜಿಪ್ ಹೋದ ಹಳೆಯ ಸ್ವೆಟರ್ ಒಳಗೆ ಅವನ ಭುಜಗಳು ನಡುಗುತ್ತಿದ್ದವು.

"ಚಳಿ ಆಗ್ತಿಲ್ವಾ ನಿಮಗೆ?"

"ಆಗ್ತಿದೆ."

"ಮತ್ತೆ?"

"ಆಗ್ಲಿ ಬಿಡಿ."

ಬೇರೆಯವರ ಎದುರು ಅಳುವಷ್ಟು ಚಿಕ್ಕವಳಲ್ಲ ಅವಳು. ಮೂವತ್ತನಾಲ್ಕು ತುಂಬಿತ್ತು. ಲೋಟವನ್ನು ಮಂಜಿನಲ್ಲಿ ಒರೆಸಿ ಒಳಗಿಡುತ್ತ ಹೇಳಿದಳು:

"ಕಾರ್ಲ್‌ಸ್ಟಾಡ್ ಯೂನಿವರ್ಸಿಟಿಲಿ ಕೆಲಸ ಸಿಕ್ಕಿದೆ. ಈ ಊರು ಬಿಡ್ಬೇಕಾಗತ್ತೆ. ನಾಳೆ ಬಿಟ್ಟು ಮುಂದಿನ ಸೋಮವಾರ ಉತ್ತರ ಕೊಡ್ಬೇಕು."

ಅವನು ತಲೆ ಎತ್ತಿದ. ಏನೋ ಹೇಳಲು ತುಟಿ ತೆರೆದದ್ದು ಅವಳಿಗೆ ಕಾಣಿಸಿತು. ಬಂದದ್ದು ಬಿಳಿಯ ಉಸಿರು ಮಾತ್ರ.

"ಒಳ್ಳೇದಾಯ್ತು," ಎಂದ ಕೊನೆಗೆ.

"ಯಾರಿಗೆ?"

"ನಿಮಗೆ. ಒಳ್ಳೇ ಕೆಲಸ ಅಲ್ವಾ."

ಅಷ್ಟು ಸಾಕಾಯಿತು. ಹೋಗಬೇಡ ಎಂಬ ಒಂದು ಮಾತಿಗಾಗಿ ಅವಳು ಎರಡು ವಾರದಿಂದ ಆ ಕೆಲಸಕ್ಕೆ ಉತ್ತರ ಕೊಡದೆ ಕಾದಿದ್ದಳು. ಕೊಟ್ಟ ಬಟ್ಟೆಯನ್ನೇ ತೆಗೆದುಕೊಳ್ಳದವನು ತನ್ನನ್ನು ಯಾಕೆ ತಡೆದಾನು ಎಂದುಕೊಂಡಳು.

ಮನೆಯಲ್ಲಿ ಅವಳ ತಾಯಿ ಸರಸ್ವತಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಗಂಡ ಪ್ರಭಾಕರ ಹೋದ ಮೇಲೆ ಅವರು ದೀಪ ಹಚ್ಚಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಬತ್ತಿಯನ್ನು ಹೊಸೆದು, ಸಾಲದೆಂದು ಮತ್ತೆ ಹೊಸೆದು, ಅಲ್ಲಿಯೇ ಕುಳಿತಿರುತ್ತಿದ್ದರು. ಪೂಜೆಯ ಹೊತ್ತಿನಲ್ಲಾದರೂ ಯಾರೂ ಹೇಗಿದ್ದೀರಿ ಎಂದು ಕೇಳುವುದಿಲ್ಲ.

ಸ್ಪಂದನಾ ಚೀಲವನ್ನು ನೆಲಕ್ಕೆ ಹಾಕಿ ಸೋಫಾದಲ್ಲಿ ಮುಖ ಮುಚ್ಚಿಕೊಂಡು ಸ್ವೀಡಿಷ್‌ನಲ್ಲಿ ಏನೇನೋ ಗೊಣಗಿದಳು.

"ಅಳೋದಾದ್ರೆ ಕನ್ನಡದಲ್ಲಿ ಅಳು ಪುಟ್ಟಿ. ನಂಗೂ ಅರ್ಥ ಆಗ್ಲಿ."

"ಅಳ್ತಿಲ್ಲಮ್ಮ. ಟಯರ್ಡ್, ಅಷ್ಟೆ."

"ಅದೇ. ಈ ಮನೇಲಿ ಇಬ್ರಿಗೂ ಟಯರ್ಡೇ. ಏನಂದ ನಂಜನಗೂಡಿನವನು?"

ಸ್ಪಂದನಾ ಹೇಳಿದಳು. ಪೊಟ್ಟಣ ತೆರೆಯದೆ ಕೊಟ್ಟದ್ದು, ನಡುಗುತ್ತ ನಿಂತದ್ದು, ಆಗ್ಲಿ ಬಿಡಿ ಅಂದದ್ದು. ಸರಸ್ವತಿ ಕೇಳುತ್ತ ಕೇಳುತ್ತ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಹೊಸ ಬಟ್ಟೆ ಕೊಟ್ಯಾ ಅವನಿಗೆ?"

"ಹೊಸದಲ್ದೆ ಹಳೇದು ಕೊಡ್ತಾರಾ?"

"ಅಯ್ಯೋ ಮಂಕೆ. ತಾಯಿ ಹೋಗಿ ವರ್ಷ ಆಗಿಲ್ಲ ಕಣೇ. ವರ್ಷಾಬ್ದಿಕ ಆಗೋವರ್ಗೂ ಮಗ ಹೊಸ ಬಟ್ಟೆ ಉಡಲ್ಲ. ಹಬ್ಬ ಮಾಡಲ್ಲ. ಕರ್ಮ ಹಿಡಿದವನಿಗೆ ಅದು ನೇಮ."

ಸ್ಪಂದನಾ ಎದ್ದು ಕುಳಿತಳು. "ನಂಗೆ ಯಾರೂ ಹೇಳಿಲ್ಲ. ಅಪ್ಪ ಹೋದಾಗ್ಲೂ ಹೇಳಿಲ್ಲ."

"ನಿಮ್ಮಪ್ಪನ ಕರ್ಮ ನಿಮ್ಮ ಚಿಕ್ಕಪ್ಪ ರಘುನಾಥ ಮಾಡಿದ್ದು. ನೇಮ ಅವನದಾಯ್ತು. ನೀನು ಹೊಸ ಬೂಟ್ ಹಾಕ್ಕೊಂಡು ಸ್ಟಾಕ್‌ಹೋಮ್‌ಗೆ ಮೀಟಿಂಗ್‌ಗೆ ಹೋದೆ. ನೋಡ್ದೆ. ಸುಮ್ನಿದ್ದೆ. ನಿನ್ನ ಮುಖಾನೇ ಆಗ ಸೂತಕದ ಹಾಗಿತ್ತು, ಇನ್ನು ಕಾಲಿನ ವಿಚಾರ ಯಾಕೆ ಅಂತ."

ಸರಸ್ವತಿ ಹೊಸೆದ ಬತ್ತಿಯನ್ನು ಎಣ್ಣೆಗೆ ಅದ್ದಿದರು.

"ಅವರು ಕಾರಣ ಹೇಳ್ಬಹುದಿತ್ತಲ್ಲ."

"ಕೆಲವರು ದುಃಖಾನ ಹೇಳ್ಕೊಂಡು ಹಗುರ ಆಗ್ತಾರೆ. ಕೆಲವರು ಹೇಳಿದ್ರೆ ಖಾಲಿ ಆಗಿಬಿಡ್ತೀವಿ ಅಂತ ಹೆದರ್ತಾರೆ."

"ಹೊಸ ಬಟ್ಟೆ ಅಂದ್ರೆ ಯಾವ್ದಮ್ಮ? ಅಂಗಡಿಯಿಂದ ತಂದಿದ್ದಾ?"

"ಯಾರೂ ಉಡದೇ ಇರೋದು. ನೀರು ಕಾಣದೇ ಇರೋದು."

ಸ್ಪಂದನಾ ತಾಯಿಯನ್ನು ನೋಡಿದಳು. ಆಮೇಲೆ ಎದ್ದು ಚೀಲದಿಂದ ಪೊಟ್ಟಣ ತೆಗೆದು ಚರ್ರನೆ ಹರಿದಳು.

ಸೋಮವಾರ ಅವಳು ಆ ಜಾಕೆಟ್ ಹಾಕಿಕೊಂಡೇ ಬಸ್ ಹತ್ತಿದಳು. ಅವನ ಅಳತೆಗೆಂದು ತಂದದ್ದು. ತೋಳು ಬೆರಳುಗಳನ್ನೂ ಮುಚ್ಚುತ್ತಿತ್ತು, ಅಂಚು ತೊಡೆಯವರೆಗೆ ಇಳಿದಿತ್ತು. ಆಫೀಸಿನಲ್ಲಿ ಯಾರ ಅಣ್ಣನದು ಎಂದು ಕೇಳಿದರು. ಅಡುಗೆಮನೆಯಲ್ಲಿ ಅದನ್ನು ಹಾಕಿಕೊಂಡೇ ಸಾರಿಗೆ ಒಗ್ಗರಣೆ ಹಾಕಿದಳು. ಬುಧವಾರ ಬ್ಯಾಟರಿ ತೆಗೆದು ಜಾಕೆಟ್ಟನ್ನು ಒಗೆದು, ಸ್ನಾನದ ಮನೆಯಲ್ಲಿ ಒಣಗಿಸಿದಳು.

ಗುರುವಾರ ಸಂಜೆ ಸರಸ್ವತಿಯೇ ಕೇಳಿದರು: "ಎಲ್ಲಿ, ಕೊಡು ಇಲ್ಲಿ. ನಾನೂ ಸ್ವಲ್ಪ ಹಳೇದು ಮಾಡಿಕೊಡ್ತೀನಿ."

ಅದನ್ನು ಹೊದ್ದು ಪಾರಾಯಣಕ್ಕೆ ಕುಳಿತವರು ಅರ್ಧದಲ್ಲೇ ತೂಕಡಿಸಿದರು. ಎಚ್ಚರವಾದಾಗ ಬೆನ್ನಿನ ಬಿಸುಪನ್ನು ಕೈಯಿಂದ ಮುಟ್ಟಿ ನೋಡಿಕೊಂಡರು.

"ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಇದನ್ನ ಬಿಚ್ಚಿ ಒಳಗೇನಿದೆ ಅಂತ ನೋಡ್ತಿದ್ರು. ಆಮೇಲೆ ಸೇರಿಸೋಕೆ ಬರ್ತಿರಲಿಲ್ಲ." ನಕ್ಕರು. ನಗು ಬೇಗ ಮುಗಿಯಿತು. "ಬೆನ್ನಿಗೆ ಒಬ್ರು ಕೂತಿದ್ದ ಹಾಗಿದೆ ಪುಟ್ಟಿ."

ಭಾನುವಾರ ಗಾಳಿ ಹೆಚ್ಚಿತ್ತು. ದತ್ತಾತ್ರೇಯ ಗುಂಪಿನಿಂದ ಸ್ವಲ್ಪ ದೂರದಲ್ಲಿ, ಬಿದ್ದ ಮರದ ಬೊಡ್ಡೆಯೊಂದರ ಮೇಲೆ ಕುಳಿತಿದ್ದ. ಸ್ಪಂದನಾ ಅವನ ಪಕ್ಕದಲ್ಲಿ ಜಾಕೆಟ್ ಇಟ್ಟಳು. ಪೊಟ್ಟಣವಿಲ್ಲದೆ, ಮಡಿಸದೆ, ಹಾಗೆಯೇ.

"ಮತ್ತೆ ತಂದ್ರಾ? ಹೇಳಿದ್ನಲ್ಲ..."

"ಇದು ಹಳೇದು."

"ಹಳೇದಾ?"

"ಈ ವಾರ ನಾನು ಹಾಕ್ಕೊಂಡಿದೀನಿ. ಒಗ್ದಿದೀನಿ. ಅಮ್ಮ ಹಾಕ್ಕೊಂಡು ಪಾರಾಯಣಕ್ಕೆ ಕೂತು ನಿದ್ದೆ ಮಾಡಿದಾರೆ. ಇಲ್ನೋಡಿ, ಕಾಲರ್ ಮೇಲೆ ಸಾರಿನ ಕಲೆ. ಒಗೆದ್ರೂ ಹೋಗ್ಲಿಲ್ಲ. ಹೊಸದು ಅಂತ ಯಾರೂ ಹೇಳೋ ಹಾಗಿಲ್ಲ."

ಅವನು ಕಲೆಯನ್ನು ನೋಡಿದ. ಬೆರಳಿನಿಂದ ಮುಟ್ಟಿದ. ಬಹಳ ಹೊತ್ತು ಅವನ ಮುಖ ಮೇಲೇಳಲಿಲ್ಲ. ಸ್ಪಂದನಾ ಆ ಕಡೆ ತಿರುಗಿ ಸರೋವರವನ್ನು ನೋಡುತ್ತ ನಿಂತಳು. ಗಂಡಸರು ಕಣ್ಣೊರೆಸಿಕೊಳ್ಳುವಾಗ ಹಾಗೆ ತಿರುಗಿ ನಿಲ್ಲಬೇಕೆಂಬುದು ಅವಳಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

"ಹೆಂಗಸರು ತೊಟ್ಟಿದ್ದನ್ನ ಗಂಡಸರು ತೊಡಬಹುದೋ ಇಲ್ವೋ, ಹಯವದನಾಚಾರ್ರನ್ನ ಕೇಳ್ಬೇಕು," ಎಂದ ಅವನು. ಧ್ವನಿ ಒದ್ದೆಯಾಗಿತ್ತು.

"ಯಾರವರು?"

"ನಮ್ಮ ಪುರೋಹಿತರು. ಪ್ರತಿ ತಿಂಗಳೂ ಸ್ಕೈಪ್‌ನಲ್ಲಿ ಅಮ್ಮನ ಮಾಸಿಕ ಮಾಡಿಸ್ತಾರೆ. ನೆಟ್ ನಿಂತುಹೋದ್ರೆ ನಾನು ಎಳ್ಳು ಹಿಡ್ಕೊಂಡು ಕಾಯ್ತಿರ್ತೀನಿ."

ಅವನು ಸ್ವೆಟರ್ ಮೇಲೆಯೇ ಜಾಕೆಟ್ ಏರಿಸಲು ಹೋದ.

"ಹಾಗಲ್ಲ. ಸ್ವೆಟರ್ ಬಿಚ್ಚಿ. ತೆಳು ಅಂಗಿ ಮೇಲೆ ಇದು, ಇದ್ರ ಮೇಲೆ ಸ್ವೆಟರ್. ಬೆಂಗಳೂರಿನವರೆಲ್ಲ ಇದೇ ತಪ್ಪು ಮಾಡ್ತೀರಿ. ಬಿಸಿ ಮೈಗೆ ತಾಗ್ಬೇಕು."

"ಈ ಗಾಳೀಲಿ ಬಿಚ್ಚಬೇಕಾ?"

"ಚಳಿ ಆಗ್ಲಿ ಬಿಡಿ."

ಅವನು ಥಟ್ಟನೆ ಅವಳನ್ನು ನೋಡಿದ. ತುಟಿಯ ಒಂದು ಕೊನೆ ಅಲುಗಿತು. ಸ್ವೆಟರ್ ಬಿಚ್ಚತೊಡಗಿದ. ಗುಂಪಿನ ಮುಂದಾಳು ಲೆನಾರ್ಟ್ ದೂರದಿಂದ, ಸ್ನಾನಕ್ಕಾದರೆ ನೀರು ಇನ್ನೂ ತಣ್ಣಗಿದೆ ದತ್ತ ಎಂದು ಸ್ವೀಡಿಷ್‌ನಲ್ಲಿ ಕೂಗಿದ. ದತ್ತಾತ್ರೇಯ ಜಾಕೆಟ್ ತೊಟ್ಟ ಮೇಲೆ ಸ್ಪಂದನಾ ಕೈಗವಸು ತೆಗೆದು ಅವನ ಎದೆಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿದಳು. ದೀಪ ಹೊತ್ತಿಕೊಂಡ ಮೇಲೂ ಬೆರಳು ತೆಗೆಯಲು ಅವಳಿಗೆ ತಡವಾಯಿತು.

"ಯಾಕೆ ಹೇಳ್ಲಿಲ್ಲ ನಂಗೆ?"

"ಎಲ್ಲರಿಗೂ ಹೇಳ್ತಾನೇ ಇದ್ದೆ. ಕೂದಲು ಯಾಕಿಲ್ಲ, ಹೋಟೆಲ್ ಊಟ ಯಾಕೆ ಬಿಟ್ಟೆ, ಪಾರ್ಟಿಗೆ ಯಾಕೆ ಬರಲ್ಲ. ಹೇಳಿದಾಗೆಲ್ಲ ಅಮ್ಮ ಇನ್ನೊಂದ್ಸಲ ಹೋದ ಹಾಗೆ ಆಗೋದು. ಸಾಕಾಗಿಹೋಯ್ತು."

"ನಾನೂ ಆ ಎಲ್ಲರಲ್ಲಿ ಒಬ್ಳಾ?"

"ಅಲ್ಲ. ಅದಕ್ಕೇ ಹೇಳ್ಲಿಲ್ಲ. ನಿಮ್ಮ ಹತ್ರ ಶುರು ಮಾಡಿದ್ರೆ ಅದು ಅಮ್ಮನ ವಿಷಯಕ್ಕೇ ನಿಲ್ತಿರ್ಲಿಲ್ಲ."

ಗಾಳಿ ಒಮ್ಮೆ ನಿಂತು ಮತ್ತೆ ಬೀಸಿತು. ದೂರದಲ್ಲಿ ಮಂಜುಗಡ್ಡೆ ತನ್ನೊಳಗೇ ಬಿರಿದುಕೊಂಡು, ಉದ್ದನೆಯ ತಂತಿಯನ್ನು ಮೀಟಿದಂತೆ ದನಿ ಮಾಡಿತು.

"ಮತ್ತೆಲ್ಲಿಗೆ ಹೋಗ್ತಿತ್ತು?"

"ಮುಂದಿನ ಆಶ್ವಯುಜದವರೆಗೆ ನಾನು ಶುಭಕಾರ್ಯದ ಮಾತು ಆಡೋ ಹಾಗಿಲ್ಲ."

"ಯಾವ ಶುಭಕಾರ್ಯ?" ಅವಳು ಟೋಪಿಯ ಅಂಚಿನ ಕೆಳಗಿನಿಂದ ನೋಡಿದಳು.

"ಅದನ್ನೂ ಹೇಳೋ ಹಾಗಿಲ್ಲ."

ಅವನ ಕಿವಿ ಕೆಂಪಾದದ್ದು ಚಳಿಗಲ್ಲ ಎಂದು ಅವಳಿಗೆ ತಿಳಿಯಿತು. ಆದರೂ ಅವಳಿಗೆ ನಗು ಬರಲಿಲ್ಲ. ಆಶ್ವಯುಜ ದೂರವಿತ್ತು, ಸೋಮವಾರ ಹತ್ತಿರವಿತ್ತು.

"ನಾಳೆ ಕಾರ್ಲ್‌ಸ್ಟಾಡ್‌ನವರು ಫೋನ್ ಮಾಡ್ತಾರೆ. ನನಗೂ ಕಾದು ಕಾದು ದಣಿವಾಗಿದೆ ದತ್ತಾತ್ರೇಯ. ನೀವು ಏನೂ ಹೇಳೋ ಹಾಗಿಲ್ಲ ಅಂದ್ರೆ ನಾನು ಹೂಂ ಅಂತೀನಿ. ಬೇಜಾರಿಲ್ಲ."

ಅವನು ಬೂಟಿನ ಪಟ್ಟಿಯನ್ನು ಬಿಗಿದ. ಸಡಿಲ ಮಾಡಿದ. ಮತ್ತೆ ಬಿಗಿದ.

"ಹೋಗ್ಬೇಡಿ."

"ಇದು ಶುಭಕಾರ್ಯದ ಮಾತಲ್ವಾ?"

"ಅಲ್ಲ. ಇದು ಸುಸ್ತಾದವನ ಮಾತು. ಮನೆಗೆ ಹೋದ್ರೆ ಗೋಡೆ, ಆಫೀಸಿಗೆ ಹೋದ್ರೆ ಪರದೆ. ವಾರದಲ್ಲಿ ಒಂದಿನ ನೀವು ಕಾಣ್ತೀರಿ. ಅದೂ ಇಲ್ದೇ ಹೋದ್ರೆ ನಾನು ಹ್ಯಾಗಿರ್ಲಿ? ಇಷ್ಟು ಹೇಳೋಕೆ ಯಾವ ಆಚಾರ್ರ ಅಪ್ಪಣೆಯೂ ಬೇಕಾಗಿಲ್ಲ."

ಸ್ಪಂದನಾ ಕೈಗವಸನ್ನು ಹಾಕಿಕೊಳ್ಳಲು ಹೋಗಿ ಬಲಗೈಯದನ್ನು ಎಡಗೈಗೆ ತೂರಿಸಿದಳು. ಅವನು ಅದನ್ನು ಎಳೆದು ಸರಿಯಾದ ಕೈಗೆ ಹಾಕಿದ.

"ಅಮ್ಮ ಊಟಕ್ಕೆ ಕರ್ಕೊಂಡು ಬಾ ಅಂದಿದಾರೆ," ಎಂದಳು ಕೊನೆಗೆ. "ಊಟಕ್ಕಾದ್ರೂ ಬರ್ಬಹುದಾ?"

"ಹಬ್ಬದೂಟ ಅಲ್ಲ ತಾನೆ?"

"ಬರೀ ಅನ್ನ ಸಾರು."

"ಬರ್ತೀನಿ."

ಲೆನಾರ್ಟ್ ಸೀಟಿ ಊದಿದ. ಗುಂಪಿನವರು ಒಬ್ಬರ ಹಿಂದೆ ಒಬ್ಬರಾಗಿ ಸಾಲು ಕಟ್ಟಿದರು. ಎದುರುಗಾಳಿ ಇದ್ದಾಗ ಹಾಗೆ ಹೋಗುವುದೇ ಅವರ ಪದ್ಧತಿ.

"ನಾನು ಮುಂದೆ ಹೋಗ್ತೀನಿ. ನನ್ನ ಬೆನ್ನಿಗೇ ಬನ್ನಿ, ಗಾಳಿ ತಾಗಲ್ಲ," ಎಂದ ದತ್ತಾತ್ರೇಯ.

"ತಾಗ್ಲಿ. ಪಕ್ಕದಲ್ಲೇ ಬರ್ತೀನಿ."

ಮಂಜುಗಡ್ಡೆ ಒಂದು ಗೇಣಿಗಿಂತ ದಪ್ಪವಿತ್ತು. ಇಬ್ಬರ ಭಾರ ಅದಕ್ಕೆ ಹೆಚ್ಚಲ್ಲ. ಲೆನಾರ್ಟ್ ಹಿಂದಿರುಗಿ ನೋಡಿ, ಸಾಲು, ಸಾಲು ಎಂದು ಕೋಲು ಆಡಿಸಿದ. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳದವರಂತೆ ಒಟ್ಟಿಗೆ ಹೆಜ್ಜೆ ನೂಕಿದರು.