ಅಂಬಾಬಾಯಿಯವರ ಬೆನ್ನಿಗಿದ್ದ ದನಿ

ಕಂಡದ್ದನ್ನಷ್ಟೇ ಬರೆಯುತ್ತೇನೆ. ಧಾರವಾಡದಲ್ಲಿ ಬೆಳಗಿನ ಸಂಗೀತ ಕಚೇರಿ. ಎಂಬತ್ತು ದಾಟಿದ ಅಂಬಾಬಾಯಿಯವರನ್ನು ಎದುರಿಗೆ ಕೂತು ಕೇಳುವ ಭಾಗ್ಯ ಮತ್ತೊಮ್ಮೆ ಸಿಕ್ಕಿತ್ತು. ಅವರ ಬೆನ್ನಿಗೆ ಕೂತು ದನಿಗೂಡಿಸುತ್ತಿದ್ದ ತಂಗಿ ಸೋನುತಾಯಿ ಹೋದ ವರ್ಷ ತೀರಿಕೊಂಡಿದ್ದರು. ಆ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಶಿಷ್ಯೆ ಋತುಜಾ ತಂಬೂರಿ ಹಿಡಿದಿದ್ದಳು.

“ಬಾಯಿಯವರ ದಮ್ಮು ಮುಗದದ್ರೀ. ಇವತ್ತ ಮ್ಯಾಲಿನ ಷಡ್ಜ ಮುಟ್ಟಿದರ ನಾ ಮೀಸಿ ಬೋಳಸ್ತೇನಿ,” ಎಂದರು ನನ್ನ ಪಕ್ಕ ಕೂತಿದ್ದ ವೆಂಕಣ್ಣ ಕಾಕಾ. ನಾನು ಕೈಮುಗಿದುಕೊಂಡೇ ಕೂತೆ.

ಮೇಲಿನ ಷಡ್ಜದ ಹತ್ತಿರ ಹೋಗಿ ಅಂಬಾಬಾಯಿಯವರ ದನಿ ಒಡೆಯಿತು. ಆಗ ಅವರ ಹಿಂದಿನಿಂದ ಇನ್ನೊಂದು ದನಿ ಸ್ವರವನ್ನು ಎತ್ತಿ ಹಿಡಿಯಿತು. ಅಜ್ಜನ ಕಾವ್ಯವಾಚನ ಕೇಳುತ್ತ ಬೆಳೆದ ನನ್ನ ಕಿವಿ ಮೊದಲು ಹುಡುಕುವುದೇ ಉಸಿರನ್ನು. ಆ ದನಿ ಎಲ್ಲಿಯೂ ಉಸಿರು ತೆಗೆದುಕೊಳ್ಳಲಿಲ್ಲ. ಹೊರಗೆ ಬಿಸಿಲು ಏರಿತ್ತು. ನಾನು ಹೆಗಲ ಶಾಲನ್ನು ಮೈತುಂಬ ಹೊದ್ದುಕೊಂಡೆ. ಅಷ್ಟರಲ್ಲಿ ಅಂಬಾಬಾಯಿ ಸುಧಾರಿಸಿಕೊಂಡು, ಷಡ್ಜಕ್ಕೇರಿ ನಿಂತೇಬಿಟ್ಟರು.

“ಶಿಷ್ಯೆ ಭೇಷ ಸಾಥ ಕೊಟ್ಲು ನೋಡ್ರಿ,” ಎಂದರು ಕಾಕಾ.

ಋತುಜಾ ತುಟಿ ಬಿಗಿದುಕೊಂಡು ಅಳುತ್ತಿದ್ದಳು. ಹಾಡಿದವಳು ಅವಳಲ್ಲ.

ಮುಗಿದ ಮೇಲೆ ನಮಸ್ಕರಿಸಲು ಹೋದೆ. “ಮುಂದಿನ ವರ್ಷ ಕರದರ ತ್ರಾಸ ಆಗ್ತದೇನ್ರೀ?” ಎಂದು ಸಂಘಟಕರು ಅಳುಕುತ್ತ ಕೇಳುತ್ತಿದ್ದರು.

ಅಂಬಾಬಾಯಿ ನಕ್ಕರು. “ಎಂಥಾ ತ್ರಾಸರೀ? ಕರೀರಿ. ಅಕ್ಕ-ತಂಗಿ ಇಬ್ಬರೂ ಬರ್ತೇವಿ.”