ಏನೂ ಕಳುವಾಗದ ಕಳವು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶೈತ್ಯಾಗಾರದ ಮ್ಯಾನೇಜರ್ ಠಾಣೆಗೆ ಬಂದು, ತಮ್ಮ ಯಂತ್ರದ ಕೋಣೆಗೆ ಕಳ್ಳ ನುಗ್ಗಿದ್ದಾನೆಂದು ದೂರು ಕೊಟ್ಟರು.

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಏನೂ ಹೋಗಿಲ್ಲ ಮೇಡಂ."

"ಮತ್ತೆ?"

"ಅದೇ ನಂಗೂ ತಲೆಬುಡ ಅರ್ಥ ಆಗ್ತಿಲ್ಲ. ಶನಿವಾರ ಊಟದ ಹೊತ್ತಿಗೆ ಒಬ್ಬ ಬಂದಿದಾನೆ. ಕರೆಂಟ್ ಆಫೀಸಿನೋನು ಅಂತ ವಾಚ್‌ಮನ್‌ಗೆ ಹೇಳಿ, ಮೇನ್ ಸ್ವಿಚ್ ಇಳಿಸಿ, ಪ್ಯಾನೆಲ್ ಬಾಗಿಲು ತೆಗೆದು, ಏನೋ ಮಾಡಿ ಹೋಗಿದಾನೆ. ಆಫೀಸಿಗೆ ಫೋನ್ ಮಾಡಿದ್ರೆ ನಾವು ಯಾರನ್ನೂ ಕಳಿಸಿಲ್ಲ ಅಂತಾರೆ. ಒಳಗೆ ಟನ್‌ಗಟ್ಟಲೆ ಮೀನಿದೆ. ಯಾರೋ ನಮ್ಮ ಅನ್ನಕ್ಕೆ ಕಲ್ಲು ಹಾಕೋಕೆ ಹೊಂಚು ಹಾಕಿದಾರೆ."

ದಫೇದಾರ ಪೆನ್ನು ಹಿಡಿದು ಕೂತಿದ್ದ. "ಕಳುವಾದ ಮಾಲು ಅನ್ನೋ ಕಡೆ ಏನು ಬರೀಲಿ ಮೇಡಂ? ಕಳ್ಳ ಬರಿಗೈಲಿ ಹೋಗಿದಾನೆ ಅಂತಲಾ?"

"ಅತಿಕ್ರಮ ಪ್ರವೇಶ ಅಂತ ಬರೀರಿ. ಉಳಿದದ್ದು ನೋಡೋಣ."

ಎಫ್‌ಐಆರ್ ಆಯಿತು. ಹನ್ನೆರಡಕ್ಕೆ ಅವರು ಶೈತ್ಯಾಗಾರದಲ್ಲಿದ್ದರು. ಯಂತ್ರದ ಕೋಣೆಯ ಗೋಡೆಗೆ ಆಳೆತ್ತರದ ಬೂದು ಬಣ್ಣದ ಉಕ್ಕಿನ ಪೆಟ್ಟಿಗೆ, ಅದೇ ಪ್ಯಾನೆಲ್. ಅದರ ಬಾಗಿಲ ಮೇಲೆ ಕೆಂಪು, ಹಸಿರು ಗುಂಡಿಗಳು, ಮಿಣುಕುವ ದೀಪಗಳು. ವಾಚ್‌ಮನ್‌ಗೆ ಹೇಳುವುದಕ್ಕೆ ಬೇಕಾದಷ್ಟಿತ್ತು.

"ಮರ್ಯಾದಸ್ಥ ಕಳ್ಳ ಮೇಡಂ. 'ಕೆಲಸ ನಡೆಯುತ್ತಿದೆ' ಅಂತ ಬೋರ್ಡ್ ಬೇರೆ ನೇತುಹಾಕಿದ್ದ. ಹೋಗೋವಾಗ ಬಿದ್ದಿದ್ದ ವೈರಿನ ಚೂರೆಲ್ಲ ಗುಡಿಸಿಕೊಂಡು ಹೋದ. ನಮ್ಮೋರೇ ಅಷ್ಟು ಮಾಡಲ್ಲ."

"ನೋಡೋಕೆ ಹೇಗಿದ್ದ?"

"ಐವತ್ತರ ಆಸುಪಾಸು. ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕ್ಕೊಂಡಿದ್ದ. ಮಾತು ಕಮ್ಮಿ. ನೀರು ಕೊಟ್ಟೆ, ಬೇಡ ಅಂದ."

ಸರ್ಕಾರಿ ವಿದ್ಯುತ್ ಪರಿವೀಕ್ಷಕರನ್ನು ಕರೆಸಲಾಗಿತ್ತು. ಅವರು ಪೆಟ್ಟಿಗೆ ತೆರೆದು, ಟಾರ್ಚ್ ಬಿಟ್ಟು, ತುಂಬಾ ಹೊತ್ತು ನೋಡಿದರು. ಕೊನೆಗೆ ತಲೆ ಹೊರಗೆ ತೆಗೆದು, "ಏನನ್ನೂ ಕಿತ್ತಿಲ್ಲ," ಎಂದರು. "ಸೇರಿಸಿದಾನೆ."

ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಗೇಣುದ್ದದ ಹೊಚ್ಚಹೊಸ ವೈರು ತೂಗುತ್ತಿತ್ತು. ಹಸಿರು ಮೈ, ಹಳದಿ ಗೆರೆ.

"ಇದೇನು ಮಾಡುತ್ತೆ?"

"ಬಾಗಿಲ ಹಿಂದೆ ಇಷ್ಟು ವೈರ್ ಓಡ್ತಿವೆ ನೋಡಿ. ಒಂದು ಸಡಿಲ ಆಗಿ ತಗಡಿಗೆ ತಾಗಿದ್ರೆ ಬಾಗಿಲಿಗೆಲ್ಲ ಕರೆಂಟ್ ಬರುತ್ತೆ. ಈ ವೈರ್ ಇದ್ರೆ ಅದು ನೆಲಕ್ಕೆ ಇಳಿದು, ಬ್ರೇಕರ್ ಬಿದ್ದು ತಕ್ಷಣ ಕರೆಂಟ್ ನಿಲ್ಲುತ್ತೆ. ಬಾಗಿಲ ಕೀಲನ್ನ ನಂಬೋ ಹಾಗಿಲ್ಲ, ಅದಕ್ಕೆ ಬಣ್ಣ ಬಳಿದಿರ್ತಾರೆ."

"ಈ ವೈರ್ ಇಲ್ದಿದ್ರೆ?"

"ಬಾಗಿಲು ಮುಟ್ಟಿದೋನ ಮೈಯಿಂದಲೇ ನೆಲಕ್ಕೆ ಇಳಿಯುತ್ತೆ."

ಇನ್‌ಸ್ಪೆಕ್ಟರ್ ಟಾರ್ಚ್ ಇಸಿದುಕೊಂಡು ಆ ವೈರನ್ನು ಇನ್ನೊಮ್ಮೆ ನೋಡಿದಳು. ಎರಡು ತಿಂಗಳ ಹಿಂದೆ ಐಸ್ ಫ್ಯಾಕ್ಟರಿಯಲ್ಲಿ ಒಬ್ಬ ಕೆಲಸಗಾರ ಇಂಥದೇ ಬೂದು ಪೆಟ್ಟಿಗೆಯ ಮುಂದೆ ಸತ್ತುಬಿದ್ದಿದ್ದ. ಅಸ್ವಾಭಾವಿಕ ಮರಣ ಎಂದು ಪ್ರಕರಣ ದಾಖಲಿಸಿ ಪಂಚನಾಮೆ ಮಾಡಿದವಳು ಅವಳೇ. ನೆಲ ಪೂರ್ತಿ ನೀರು. ಹೊರಗೆ ಅವನ ಹೆಂಡತಿಯ ಗೋಳು. ಶವ ಸಾಗಿಸುವ ವ್ಯಾನಿನವನು ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ. ಒದ್ದೆ ಕೈಯಲ್ಲಿ ಮುಟ್ಟಿರಬೇಕು ಎಂದು ಅಲ್ಲಿದ್ದವರೆಲ್ಲ ಹೇಳಿದರು. 'ಮೃತನು ಒದ್ದೆ ಕೈಯಿಂದ ಮುಟ್ಟಿದ ಅಜಾಗರೂಕತೆಯೇ ಮರಣಕ್ಕೆ ಕಾರಣ' ಎಂದು ಬರೆದು ಕಡತ ಮುಗಿಸಿದ್ದಳು. ಪೆಟ್ಟಿಗೆಯ ಬಾಗಿಲು ತೆರೆಸಿರಲಿಲ್ಲ.

"ಜೀಪ್ ತೆಗೀರಿ," ಎಂದಳು.

ಐಸ್ ಫ್ಯಾಕ್ಟರಿಯವರು ಆ ಪೆಟ್ಟಿಗೆಯನ್ನು ಅಪಶಕುನವೆಂದು ಕಿತ್ತು ಹಿತ್ತಲಿನಲ್ಲಿ ಎಸೆದಿದ್ದರು. ಶೈತ್ಯಾಗಾರದ ಪೆಟ್ಟಿಗೆಯ ಮೇಲಿದ್ದ ತಯಾರಕರ ಹೆಸರೇ ಇದರ ಮೇಲೂ ಇತ್ತು. ಪರಿವೀಕ್ಷಕರು ಬಾಗಿಲು ತೆರೆದು, ಒಳಮೈಯಲ್ಲಿ ಸುಟ್ಟ ಕಪ್ಪು ಚುಕ್ಕೆಯನ್ನು ಮೊದಲು ತೋರಿಸಿದರು. ಆಮೇಲೆ, ವೈರು ಕೂರಬೇಕಿದ್ದ ಬೋಲ್ಟನ್ನು.

"ಇದಕ್ಕೆ ಒಂದು ದಿನವೂ ನಟ್ಟು ಹತ್ತಿಲ್ಲ. ಬಣ್ಣ ಒಂಚೂರೂ ಕೆರೆದಿಲ್ಲ ನೋಡಿ."

"ಅವನ ಕೈ ಒಣಗಿದ್ದಿದ್ರೆ?"

"ಕಾಲಡಿ ನೀರಿರುವಾಗ ಕೈ ಹೇಗಿದ್ರೇನು? ವೈರ್ ಇದ್ದಿದ್ರೆ ಮನುಷ್ಯ ಉಳೀತಿದ್ದ."

ಹೊಸದಾಗಿ ಪಂಚನಾಮೆ ಬರೆಸಿ, ಪೆಟ್ಟಿಗೆಯನ್ನು ವಶಕ್ಕೆ ತೆಗೆದುಕೊಂಡರು. ಜೀಪಿನಲ್ಲಿ ದಫೇದಾರನೇ ಬಾಯಿ ತೆರೆದ.

"ಅವತ್ತು ಎಲ್ರೂ ಹಾಗೇ ಹೇಳಿದ್ರಲ್ಲ ಮೇಡಂ."

"ಹೇಳಿದ್ದು ಎಲ್ರೂ. ಬರೆದಿದ್ದು ನಾನು."

ಪ್ಯಾನೆಲ್ ಮಾಡುವ ಕಾರ್ಖಾನೆ ಊರಾಚೆ ಇತ್ತು. ಒಂದು ಕಡೆ ಖಾಲಿ ಪೆಟ್ಟಿಗೆಗಳು ಬಾಗಿಲು ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು. ಇನ್ನೊಂದು ಕಡೆ ಕಬ್ಬಿಣದ ರ‍್ಯಾಕುಗಳು, ಸುರುಳಿ ಸುತ್ತಿದ ರಬ್ಬರ್ ಪಟ್ಟಿ, ಬೀಗದ ಹಿಡಿಕೆಗಳ ರಾಶಿ. ಮಾಲೀಕ ಕುರ್ಚಿ ಹಾಕಿಸಿದ. ಇನ್‌ಸ್ಪೆಕ್ಟರ್ ಕೂರಲಿಲ್ಲ.

"ಐವತ್ತರ ಆಸುಪಾಸು, ಕನ್ನಡಕಕ್ಕೆ ದಾರ. ನಿಮ್ಮೋರಾ?"

"ನಮ್ಮ ನಟ್ಟಣ್ಣ! ಜೋಡಣೆ ವಿಭಾಗದ ಫೋರ್‌ಮನ್. ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗೀತಾನೆ ಅಂತ ಹುಡುಗ್ರು ಇಟ್ಟ ಹೆಸರು. ಯಾಕೆ ಮೇಡಂ? ಅವನು ಅಂಥೋನಲ್ಲ. ಮೊದಲೇ ನೊಂದಿದಾನೆ ಪಾಪ, ತಂಗಿ ಗಂಡ ತೀರ್ಕೊಂಡ."

"ಎಲ್ಲಿ?"

"ಐಸ್ ಫ್ಯಾಕ್ಟರೀಲಿ. ಆ ಕೆಲಸ ಕೊಡಿಸಿದ್ದೂ ಇವನೇ."

ದಫೇದಾರ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವಳು ಮಾಲೀಕನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಐಸ್ ಫ್ಯಾಕ್ಟರಿಯ ಪೆಟ್ಟಿಗೆ ಜೊತೆ ಕಳಿಸಿದ್ದು ಇನ್ನೆಲ್ಲೆಲ್ಲಿಗೆ?"

"ಶೈತ್ಯಾಗಾರ, ಒಂದು ಪ್ರಿಂಟಿಂಗ್ ಪ್ರೆಸ್ಸು, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗ. ಅಷ್ಟೇ."

"ನಟ್ಟಣ್ಣ ಎಲ್ಲಿ?"

"ಮಧ್ಯಾಹ್ನದಿಂದ ರಜೆ."

ಪ್ರೆಸ್ಸಿಗೆ ಫೋನ್ ಹೋಯಿತು. ಹೌದು, ಹೋದ ವಾರ ಕರೆಂಟಿನವನು ಬಂದು ಹೋಗಿದ್ದ. ಉಳಿದದ್ದು ಆಸ್ಪತ್ರೆ ಒಂದೇ. ಅಲ್ಲಿಗೂ ಫೋನ್ ಮಾಡಿ, ಆ ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಬಾರದೆಂದು ಹೇಳುತ್ತಲೇ ಇನ್‌ಸ್ಪೆಕ್ಟರ್ ಜೀಪು ಹತ್ತಿದಳು.

ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರಗಳೆಲ್ಲ ನಿಂತಿದ್ದವು. ಕೆಲಸದ ಹೆಂಗಸರು ಒದ್ದೆ ಸೀರೆಯ ಸೆರಗು ಹಿಂಡಿಕೊಳ್ಳುತ್ತಾ ಬಾಗಿಲ ಹೊರಗೆ ಹರಟುತ್ತಿದ್ದರು. ಒಳಗೆ, ತೆರೆದ ಪೆಟ್ಟಿಗೆಯ ಮುಂದೆ ಒಬ್ಬ ಮಂಡಿಯೂರಿ ಕೂತಿದ್ದ. ಬೂಟಿನ ಸದ್ದು ಕೇಳಿಯೂ ತಿರುಗಲಿಲ್ಲ.

"ಒಂದು ನಟ್ಟು ಬಾಕಿ ಇದೆ," ಎಂದ.

ಜೊತೆಗೆ ಬಂದಿದ್ದ ಕಾನ್‌ಸ್ಟೆಬಲ್ ಮುಂದೆ ನುಗ್ಗಿದ. ಇನ್‌ಸ್ಪೆಕ್ಟರ್ ಅವನ ತೋಳು ಹಿಡಿದಳು.

"ಸಾಕ್ಷ್ಯ, ಮೇಡಂ," ದಫೇದಾರ ಮೆಲ್ಲಗೆ ಎಚ್ಚರಿಸಿದ.

"ಫೋಟೋ ತೆಗೀರಿ. ಆಮೇಲೆ ಬಿಗೀಲಿ."

ಅವನು ಬಿಗಿದ. ಇನ್ನೊಮ್ಮೆ ಬಿಗಿದ. ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಎದ್ದು ನಿಂತು, ಕೇಳುವ ಮೊದಲೇ ಎರಡೂ ಕೈ ಮುಂದೆ ಚಾಚಿದ. ಮೂರು ಮುಕ್ಕಾಲಿಗೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಅವನು ಯಾವುದನ್ನೂ ಮುಚ್ಚಿಡಲಿಲ್ಲ.

"ಯಾಕೆ ವೈರ್ ಹಾಕಿರಲಿಲ್ಲ?"

"ಆ ದಿನ ಅದು ಮುಗಿದುಹೋಗಿತ್ತು. ಲಾರಿ ಗೇಟಲ್ಲಿ ನಿಂತಿತ್ತು, ಡ್ರೈವರ್ ಬೊಬ್ಬೆ ಹೊಡೀತಿದ್ದ. ಅಲ್ಲಿಗೇ ಹೋಗಿ ಹಾಕಿದ್ರಾಯ್ತು ಅಂತ ನಾನೇ ನಾಲ್ಕಕ್ಕೂ 'ತಪಾಸಣೆ ಪಾಸ್' ಚೀಟಿ ಅಂಟಿಸಿ ಕಳಿಸಿದೆ. ಆಮೇಲೆ ಬೇರೆ ಕೆಲಸ ಬಂತು. ಮರ್ತೆ."

"ಯಾವಾಗ ನೆನಪಾಯ್ತು?"

ಅವನು ಗೋಡೆ ನೋಡಿದ. "ಹೆಣ ಎತ್ತೋಕೆ ಒಳಗೆ ಹೋದೆ. ತಲೆ ಎತ್ತಿದ್ರೆ ಎದುರಿಗೇ ಆ ಪೆಟ್ಟಿಗೆ."

"ಆಗಲೇ ಹೇಳಿದ್ರೆ ಉಳಿದ ಮೂರನ್ನ ಆವತ್ತೇ ನಿಲ್ಲಿಸಬಹುದಿತ್ತು. ಎರಡು ತಿಂಗಳು ಅಷ್ಟೂ ಜನ ಆ ಬಾಗಿಲು ಮುಟ್ತಿದ್ರು."

"ಗೊತ್ತು. ಹೊರಗೆ ಆಂಬುಲೆನ್ಸ್ ಕೂಗಿದ್ರೆ ತಂಗಿ ಬಡಿಸಿದ ತುತ್ತು ಗಂಟಲಲ್ಲೇ ನಿಲ್ಲೋದು. ಹೋದ ವಾರ ತಡೆಯೋಕಾಗದೆ ಕದ್ದು ಹಾಕೋಕೆ ಹೊರಟೆ. ಆದ್ರೂ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ತಂಗೀಗೆ ಗೊತ್ತಾಗ್ತಿತ್ತು."

ಸಂಜೆ ತಂಗಿ ಬಂದಳು. ಬೇರೆಯವರ ಜಾಗಕ್ಕೆ ಹೇಳದೆ ನುಗ್ಗಿದ ತಕರಾರು ಎಂದಷ್ಟೇ ಅವಳ ಕಿವಿಗೆ ಬಿದ್ದಿತ್ತು. "ನಮ್ಮಣ್ಣ ಇರುವೆಗೂ ನೋವು ಮಾಡೋನಲ್ಲ ಮೇಡಂ," ಎಂದು ಬಾಗಿಲಲ್ಲೇ ಶುರು ಮಾಡಿದಳು.

"ನಾನೇ ಹೇಳ್ತೀನಿ," ಎಂದ ನಟ್ಟಣ್ಣ. ಇನ್‌ಸ್ಪೆಕ್ಟರ್ ತಡೆಯಲಿಲ್ಲ.

ಅವನು ನೆಲ ನೋಡುತ್ತಾ ಹೇಳಿದ. ನಾಲ್ಕು ಮಾತಿನಲ್ಲಿ ಮುಗಿಯಿತು. ತಂಗಿ ಅಳಲಿಲ್ಲ. ಬೆಂಚಿನ ಅಂಚು ಹಿಡಿದು ಕೂತು ಕೇಳಿದಳು:

"ಹಾಗಾದ್ರೆ ಅವ್ರ ತಪ್ಪೇನೂ ಇರ್ಲಿಲ್ವಾ?"

"ಇಲ್ಲಮ್ಮ," ಎಂದ ಅಣ್ಣ.

"ದಿನಾ ಬೆಳಿಗ್ಗೆ ಅವ್ರ ಫೋಟೋ ಮುಂದೆ ನಿಂತು ಬೈದೆ. ಒದ್ದೆ ಕೈ ಒರೆಸ್ಕೊಳ್ಳೋ ಬುದ್ಧಿ ಇರ್ಲಿಲ್ವಾ, ನನ್ನ ನಡುನೀರಲ್ಲಿ ಕೈಬಿಟ್ಯಲ್ಲಾ ಅಂತ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊತಿದ್ದೆ ಅಣ್ಣ. ಒಂದು ದಿನಾನಾದ್ರೂ ಬೈಬೇಡ ಅನ್ನಬಾರ್ದಿತ್ತಾ?"

 ತಂಗಿ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ನೀವೂ ಹಾಗೇ ಬರ್ದಿದ್ರಿ."

"ಹೌದು," ಎಂದಳು ಇನ್‌ಸ್ಪೆಕ್ಟರ್. "ನೋಡದೇ ಬರೆದಿದ್ದೆ. ತಪ್ಪು ನಂದು."

ತಂಗಿ ಎದ್ದು, ಅಣ್ಣನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು.

ಆ ಸಂಜೆಯೇ ಇನ್‌ಸ್ಪೆಕ್ಟರ್ ಹಳೆಯ ಪ್ರಕರಣದ ಮರುತನಿಖೆಗೆ ಅನುಮತಿ ಕೋರಿ ನ್ಯಾಯಾಲಯಕ್ಕೆ ಬರೆದಳು. ಲೋಪ ಯಾರದು ಎಂಬಲ್ಲಿ ಮೊದಲು ತನ್ನ ಹುದ್ದೆ ಮತ್ತು ಹೆಸರು ಬರೆದು, ಪೆಟ್ಟಿಗೆಯ ಬಾಗಿಲು ತೆರೆಸಲಿಲ್ಲ ಎಂದು ಸೇರಿಸಿದಳು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪ ನಟ್ಟಣ್ಣನ ಮೇಲೆ ಹೊಸದಾಗಿ ದಾಖಲಾಯಿತು. ಅವನ ಉದ್ದೇಶವೇನೆಂದು ವರದಿಯಲ್ಲಿ ಬರೆಯಬೇಕಿತ್ತು. ಅದಕ್ಕೆ ಅವಳು ಬಹಳ ಹೊತ್ತು ತೆಗೆದುಕೊಂಡಳು. ಕೊನೆಗೆ ಬರೆದದ್ದು ಇಷ್ಟು: ಆರೋಪಿಯು ಶಿಕ್ಷೆಗೆ ಹೆದರಿದವನಲ್ಲ, ಸತ್ಯ ತಿಳಿದರೆ ತಂಗಿ ಮತ್ತೆಂದೂ ತನಗೆ ಊಟ ಬಡಿಸಲಾರಳೆಂದು ಹೆದರಿದ್ದನು.