ಐದೂವರೆ ಮೀರಿದ ಮೇಲೆ

"ಯಾರ್ರೀ ನೀವು? ನನ್ನ ಮಗೂನ ಯಾಕೆ ಎತ್ಕೊಂಡಿದೀರ?"

ಗಾಡಿ ನಿಲ್ಲಿಸಿ, ಕೀ ಕೂಡ ತೆಗೆಯದೆ ಓಡಿ ಬಂದ ಮಧುಶ್ರೀ ಏದುಸಿರಲ್ಲೇ ಕೇಳಿದಳು.

ಕುವೆಂಪುನಗರದಲ್ಲಿ ಶಿಶುವಿಹಾರ ನಡೆಸೋ ಇಂದ್ರಮ್ಮನವರ ಮನೆಯ ಮೆಟ್ಟಿಲ ಮೇಲೆ ಎತ್ತರದ ಗಂಡಸೊಬ್ಬ ಕೂತಿದ್ದ. ಅವನ ಹೆಗಲ ಮೇಲೆ ಅವಳ ನಾಲ್ಕು ವರ್ಷದ ಮಗ ಶರಣ್ ಬಾಯಿ ತೆರೆದು ನಿದ್ದೆ ಹೋಗಿದ್ದ. ಪಕ್ಕದಲ್ಲಿ ಆರು ವರ್ಷದ ಮಗಳು ಅನನ್ಯ ಇನ್ನೊಂದು ಪುಟ್ಟ ಹುಡುಗಿಯ ಜೊತೆ ಗೊಂಬೆ ಆಡ್ತಿದ್ದಳು.

ಆತ ಗಾಬರಿಯಾಗಲಿಲ್ಲ. ಮಗು ತೂಕಡಿಸಿ ಮೆಟ್ಟಿಲಿಂದ ಬೀಳೋ ಹಾಗಿತ್ತು, ಅದಕ್ಕೇ ಎತ್ಕೊಂಡೆ ಅಂದ. ತನ್ನ ಹೆಸರು ನಾಗಾರ್ಜುನ, ಈ ಹುಡುಗಿ ಸಮನ್ವಿತಾ ತನ್ನ ಮಗಳು ಅಂತಲೂ ಹೇಳಿದ. ಶರಣ್‌ಗೆ ಎಚ್ಚರ ಆಗದ ಹಾಗೆ ಮೆಲ್ಲಗೆ ಹೇಳಿದ.

ಮಧುಶ್ರೀ ಮಗುವನ್ನು ಕಿತ್ತುಕೊಂಡಳು. ಹೌದು, ಕಿತ್ತುಕೊಂಡಳು ಅಂತಲೇ ಹೇಳಬೇಕು. ತಪ್ಪು ಮಾಡಿದವರಿಗೇ ಸಿಟ್ಟು ಜಾಸ್ತಿ ಕಣ್ರೀ, ಅವತ್ತು ತಡವಾಗಿ ಬಂದಿದ್ದ ಅವಳಿಗೂ ಅದೇ ಆಗಿತ್ತು.

ಅಷ್ಟರಲ್ಲಿ ಅನನ್ಯ ತನ್ನ ಗೊಂಬೆಯ ಕೆನ್ನೆ ಸವರಿ ಹೇಳ್ತಿದ್ದಳು.

"ಅಳಬೇಡ ಕಂದ. ಐದೇ ನಿಮಿಷ, ಅಮ್ಮ ಬಂದ್ಬುಟ್ಟೆ."

ದಿನಾ ಹೊರಡೋ ಮುಂಚೆ ಫೋನಿನಲ್ಲಿ ಮಧುಶ್ರೀ ಹೇಳೋ ಮಾತು ಅದು! ಒಂದಕ್ಷರ ಬದಲಾಗಿರಲಿಲ್ಲ. ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೊರಟಳು. ಥ್ಯಾಂಕ್ಸ್ ಹೇಳೋದು ನೆನಪಾಗುವ ಹೊತ್ತಿಗೆ ಗಾಡಿ ರಸ್ತೆಯ ತಿರುವು ದಾಟಿತ್ತು.

* * *

ಮಧುಶ್ರೀಗೆ ಮೂವತ್ತೆಂಟು. ಗಂಡ ಅನ್ನಿಸಿಕೊಂಡವನು ಶರಣ್ ಹೊಟ್ಟೆಯಲ್ಲಿದ್ದಾಗಲೇ ಬೇರೆ ದಾರಿ ನೋಡ್ಕೊಂಡಿದ್ದ. ಕೋರ್ಟಿನಲ್ಲಿ ವಿಚ್ಛೇದನ ಆಗಿ ಎರಡು ವರ್ಷ. ಹದಿನಾಲ್ಕು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಕೆಲಸ ಮಾಡಿದ್ದಳು. ಐದಕ್ಕೆ ಮನೆ, ಭಾನುವಾರ ರಜೆ, ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ.

ಅಪ್ಪ ಶಿವಲಿಂಗಯ್ಯನವರ ಕಿಡ್ನಿ ಹೋಯಿತು ನೋಡಿ, ಎಲ್ಲ ಬದಲಾಗಿದ್ದು ಅಲ್ಲಿಂದ. ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ಗಂಟೆ ಅಪ್ಪನ ಪಕ್ಕ ಕೂತು ಅವಳು ನೋಡಿದ್ದು ಮಿಷನ್ ಅಲ್ಲ, ಮಿಷನ್ ನೋಡ್ಕೊಳ್ಳೋ ಹುಡುಗೀನ. ಸೂಜಿ ಅಂದರೆ ನಡುಗುತ್ತಿದ್ದ ಅಪ್ಪ ಆ ಹುಡುಗಿ ಬಂದರೆ ತಾವಾಗೇ ತೋಳು ಚಾಚುತ್ತಿದ್ದರು. ನಾನೂ ಹೀಗೆ ಒಬ್ಬರಿಗೆ ಧೈರ್ಯ ಕೊಡೋ ಹಾಗಾದರೆ... ಅನ್ನೋ ಆಸೆ ಅಪ್ಪ ಹೋದಮೇಲೂ ಹೋಗಲಿಲ್ಲ. ಕೆಲಸ ಬಿಟ್ಟಳು. ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿಕೊಂಡಳು. ಕ್ಲಾಸಿನಲ್ಲಿ ಉಳಿದವರೆಲ್ಲ ಅವಳನ್ನು ಆಂಟಿ ಅಂತ ಕರೆಯೋ ವಯಸ್ಸಿನವರು.

ಅಮ್ಮ ಗಿರಿಜಾಂಬಾ ಚಾಮರಾಜನಗರದಲ್ಲಿ ಮಗನ ಮನೆಯಲ್ಲಿದ್ದರು. ಫೋನಿನಲ್ಲಿ ಒಂದೇ ಮಾತು ಕೇಳಿದರು.

"ಎರಡು ಚಿಕ್ಕ ಮಕ್ಕಳನ್ನ ಕಟ್ಕೊಂಡು ಈ ವಯಸ್ಸಲ್ಲಿ ಓದ್ತೀನಿ ಅಂತೀಯಲ್ಲ, ಯಾರಿಗೋಸ್ಕರ?"

ಮಕ್ಕಳಿಗೋಸ್ಕರ ಅಂದರೆ ಸುಳ್ಳಾಗುತ್ತಿತ್ತು. ನನಗೋಸ್ಕರ ಅನ್ನೋಕೆ ನಾಚಿಕೆ. ಆಮೇಲೆ ಯಾರ ಹತ್ತಿರವೂ ಒಂದು ಸಹಾಯ ಕೇಳಲಿಲ್ಲ ಅವಳು. ನನ್ನ ಆಸೆ, ನನ್ನ ಕಷ್ಟ, ಬೇರೆಯವರು ಯಾಕೆ ಹೊರಬೇಕು ಅನ್ನೋ ಹಠ.

ಈಗ ಕೊನೆಯ ನಾಲ್ಕು ತಿಂಗಳ ತರಬೇತಿ, ಬನ್ನಿಮಂಟಪದ ಕಡೆಯ ಒಂದು ಆಸ್ಪತ್ರೆಯಲ್ಲಿ. ಕೆಲಸ ಐದಕ್ಕೆ ಮುಗೀಬೇಕು. ಆದರೆ ಡಯಾಲಿಸಿಸ್ ಮುಗಿದು ಸೂಜಿ ತೆಗೆದಮೇಲೆ ಆ ಜಾಗವನ್ನು ಒತ್ತಿ ಹಿಡಿದು ಕೂರಬೇಕು, ರಕ್ತ ನಿಲ್ಲೋವರೆಗೂ. ಕೆಲವರಿಗೆ ಹತ್ತು ನಿಮಿಷ. ಕರಿಬಸವಯ್ಯ ಅನ್ನೋ ಮುದುಕರಿಗೆ ಅರ್ಧ ಗಂಟೆಯಾದರೂ ನಿಲ್ಲದು. ಟೈಮಾಯ್ತು, ಬರ್ತೀನಿ ತಾತ ಅಂತ ಕೈ ಬಿಟ್ಟು ಬರೋಕಾಗುತ್ತಾ?

ಇತ್ತ ಇಂದ್ರಮ್ಮನವರ ಶಿಶುವಿಹಾರ ಐದೂವರೆಗೆ ಮುಚ್ಚಬೇಕು. ಒಳಗೆ ಹಾಸಿಗೆ ಹಿಡಿದ ಗಂಡನಿಗೆ ಆರಕ್ಕೆ ಊಟ ಮಾಡಿಸಬೇಕಲ್ಲ ಅವರು. ಮಗುವನ್ನು ಹೆತ್ತವರ ಕೈಗೆ, ಇಲ್ಲಾ ಅವರು ಬರೆದುಕೊಟ್ಟವರ ಕೈಗೇ ಕೊಡೋದು, ಅಕ್ಕಪಕ್ಕದವರ ಕೈಗಿಲ್ಲ. ಹೆತ್ತವರು ತಡವಾದರೆ ಪುಸ್ತಕದಲ್ಲಿ ಹೆಸರು ಬರೆಯೋರು. ಒಂದು ತಿಂಗಳಲ್ಲಿ ಮೂರು ಸಲ ಬಿದ್ದರೆ ಮುಂದಿನ ತಿಂಗಳು ಸೀಟಿಲ್ಲ, ಕಾಯ್ತಿರೋರಿಗೆ ಹೋಗುತ್ತೆ. ಬೇರೆ ಕಡೆ ನಾಲ್ಕೂವರೆಗೇ ಬಾಗಿಲು ಹಾಕ್ತಿದ್ದರು. ಈ ಸೀಟು ಹೋದರೆ ಮಧುಶ್ರೀಯ ಓದೂ ಹೋಯಿತು ಅಂತಲೇ ಲೆಕ್ಕ.

* * *

ನಾಗಾರ್ಜುನನಿಗೆ ವಿದ್ಯಾರಣ್ಯಪುರಂನಲ್ಲಿ ಸ್ಕೂಟರ್ ಗ್ಯಾರೇಜು. ಹೆಂಡತಿ ತೀರಿಕೊಂಡು ಎರಡು ವರ್ಷ. ಇದನ್ನೆಲ್ಲ ಅವನೇ ಹೇಳಿದ್ದಲ್ಲ, ಅನನ್ಯ ವರದಿ ಒಪ್ಪಿಸಿದ್ದು.

ಎರಡನೇ ಸಲ ತಡವಾದಾಗ ಮಧುಶ್ರೀ ಥ್ಯಾಂಕ್ಸ್ ಹೇಳಿದಳು, ತನ್ನ ಓದಿನ ವಿಷಯ, ಕರಿಬಸವಯ್ಯನವರ ನಿಲ್ಲದ ರಕ್ತದ ವಿಷಯವನ್ನೂ ಹೇಳಿದಳು. ಆಮೇಲೆ ಅವಳು ಬರುವಾಗೆಲ್ಲ ಅವನು ಮೆಟ್ಟಿಲ ಮೇಲೆ ಇರ್ತಿದ್ದ, ಮೂರು ಮಕ್ಕಳ ಕೈಯಲ್ಲಿ ಖಾರ ಹಾಕದ ಚುರುಮುರಿ. ಒಂದಿನ ನಾಲ್ಕನೇ ಪೊಟ್ಟಣ ಅವಳ ಕಡೆ ಚಾಚಿ, ಇದಕ್ಕೆ ಖಾರ ಜಾಸ್ತಿ ಹಾಕ್ಸಿದೀನಿ ಅಂದ. ಯಾಕೆ ಅಂತ ಕೇಳಿದ್ದಕ್ಕೆ, ದಿನಾ ಕಣ್ಣು ಒದ್ದೆ ಮಾಡ್ಕೊಂಡು ಬರ್ತೀರಲ್ಲ, ಇವತ್ತಾದ್ರೂ ಒಂದು ಕಾರಣ ಇರಲಿ ಅಂತ.

ಮಧುಶ್ರೀ ನಕ್ಕುಬಿಟ್ಟಳು. ಎಷ್ಟು ತಿಂಗಳ ಮೇಲೋ! ಆಮೇಲೆ ಅದಕ್ಕೂ ತಪ್ಪಿತಸ್ಥಳ ಹಾಗೆ ಮಕ್ಕಳ ಮುಖ ನೋಡಿದಳು. ಮಕ್ಕಳನ್ನ ಕಾಯಿಸಿ ಬಂದವಳಿಗೆ ನಗು ಬೇರೆ ಕೇಡು ಅನ್ನಿಸಿತು. ಆದರೂ ಆಸ್ಪತ್ರೆಯಿಂದ ಹೊರಡುವಾಗ ಅವನು ಇರ್ತಾನಾ ಅಂತ ಮನಸ್ಸು ಕೇಳೋದು ನಿಲ್ಲಲಿಲ್ಲ.

ಆ ತಿಂಗಳಲ್ಲಿ ಎರಡು ಸಲ ಅವಳ ಹೆಸರು ಪುಸ್ತಕಕ್ಕೆ ಬಿದ್ದಾಗಿತ್ತು. ಆಮೇಲೂ ಮೂರು ಸಲ ತಡವಾಯಿತು. ಮೂರೂ ಸಲ ಇಂದ್ರಮ್ಮ ತುಟಿ ಬಿಗಿದುಕೊಂಡು ಒಳಗೆ ಹೋದರೇ ವಿನಾ ಏನೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ತಿಂಗಳ ಕೊನೆಯ ದಿನ ಬೆಳಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಅನನ್ಯ ಹೇಳಿದಳು.

"ಅಮ್ಮ, ನೀನು ಲೇಟಾದಾಗೆಲ್ಲ ಸಮನ್ವಿ ಅಪ್ಪ ಇಂದ್ರಜ್ಜಿ ಹತ್ರ ಹೋಗಿ ನಿನ್ನ ವಿಷಯ ಹೇಳ್ತಾರೆ. ಆಮೇಲೆ ಅಜ್ಜಿ ಬುಕ್ಕಲ್ಲಿ ಬರೀತಾರೆ."

ಬಾಚಣಿಗೆ ಕೂದಲಲ್ಲೇ ನಿಂತಿತು.

ಎದುರಿಗೆ ಚುರುಮುರಿ, ಹಿಂದಿನಿಂದ ದೂರು! ನಂಬಿದ್ದಕ್ಕೆ ಸರಿಯಾಗಿ ಆಯ್ತು... ಅವತ್ತಿಡೀ ಅವಳಿಗೆ ಇದೇ ಕುದಿ. ಸಂಜೆ ಬೇಕಂತಲೇ ಐದೂಕಾಲಕ್ಕೇ ಬಂದಳು. ಬೇರೆ ತಾಯಂದಿರೆಲ್ಲ ಗೇಟಿನಲ್ಲಿದ್ದರು. ಅವರ ಮುಂದೆಯೇ ನಾಗಾರ್ಜುನನನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದದ್ದು ಅಂದಳು. ನಿಮ್ಮ ಒಂದು ಮಗೂನ ನೋಡ್ಕೊಂಡ ಮಾತ್ರಕ್ಕೆ ಎಲ್ಲ ಗೊತ್ತು ಅಂದ್ಕೋಬೇಡಿ ಅಂದಳು. ಹೆಂಗಸು ಒಂದು ಹೆಜ್ಜೆ ಮುಂದಿಟ್ರೆ ಕಾಲು ಎಳೆಯೋದು ನಿಮ್ಮಂಥವರ ಹುಟ್ಟುಗುಣ ಅಂದಳು.

"ನನ್ನ ಮಕ್ಕಳಿಗೆ ನಾನು ಎಷ್ಟು ಕೆಟ್ಟ ತಾಯಿ ಅಂತ ನಂಗೇ ಗೊತ್ತು. ನೀವು ಪುಸ್ತಕದಲ್ಲಿ ಬರೆಸೋದು ಬೇಕಾಗಿಲ್ಲ."

ಅವನ ಮುಖ ಬಿಳಿಚಿಕೊಂಡಿತು. ಸುತ್ತ ನಿಂತವರನ್ನು ನೋಡಿದ, ಮಕ್ಕಳನ್ನು ನೋಡಿದ.

"ತಪ್ಪಾಯ್ತು ಬಿಡಿ," ಅಂದು ಮಗಳ ಕೈ ಹಿಡಿದುಕೊಂಡು ಹೊರಟುಹೋದ.

* * *

ಮಾರನೇ ಸಂಜೆ ಮೆಟ್ಟಿಲು ಖಾಲಿ. ಅಪ್ಪನೂ ಇಲ್ಲ, ಮಗಳೂ ಇಲ್ಲ. ಮಧುಶ್ರೀ ಸುಮ್ಮನೆ ಮಕ್ಕಳ ಬ್ಯಾಗು ಎತ್ತಿಕೊಳ್ಳುತ್ತಿದ್ದಾಗ ಇಂದ್ರಮ್ಮ ಒಳಗಿಂದ ಬಂದರು.

"ಇನ್ನಾದ್ರೂ ನಿನ್ನ ಗಾಡೀನ ಬೇರೆ ಕಡೆ ರಿಪೇರಿಗೆ ಕೊಡು ಕಣಮ್ಮ. ಆ ನಾಗಾರ್ಜುನ ನಾಲ್ಕಕ್ಕೆ ಕೊಡ್ತೀನಿ ಅಂತ ಇಟ್ಕೊಂಡು ಮೂರು ಸಲ ನಿನ್ನ ತಡ ಮಾಡಿಸ್ಬುಟ್ಟ. ಅವನೇ ಬಂದು ಒಪ್ಕೊಂಡ, ತಪ್ಪು ನಂದು, ನನ್ನ ಹೆಸರು ಬರ್ಕೊಳ್ಳಿ ಅಂತ. ಬರ್ಕೊಂಡೆ. ಅವನ ಮಗಳ ಸೀಟು ತೆಗೆದಾಯ್ತು ನೋಡು, ಸೋಮವಾರದಿಂದ ಬೇರೆ ಮಗು ಬರುತ್ತೆ."

ಮಧುಶ್ರೀಯ ಗಾಡಿ ಒಂದು ದಿನವೂ ಅವನ ಗ್ಯಾರೇಜಿಗೆ ಹೋಗಿರಲಿಲ್ಲ.

ಬ್ಯಾಗು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು. ತಾಯಿಯಿಲ್ಲದ ಒಂದು ಮಗುವಿನ ಜಾಗ ಕಿತ್ತು ತನ್ನ ಮಕ್ಕಳನ್ನು ಕೂರಿಸಿದ ಹಾಗಾಗಿತ್ತು. ಅದಕ್ಕೆ ಅವನಿಗೆ ಕೊಟ್ಟ ಮರ್ಯಾದೆ ಏನು! ನಾಲ್ಕು ಜನರ ಎದುರು, ಅವನ ಮಗಳ ಎದುರು...

ಸುಮ್ಮನಿದ್ದರೆ ಓದು ಉಳಿಯುತ್ತಿತ್ತು. ಇನ್ನು ಬರೀ ಮೂರು ತಿಂಗಳು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆ ಯೋಚನೆ ಅವಳ ತಲೆಗೆ ಬರಲಿಲ್ಲ ಅಂತ ನಾನು ಹೇಳಲ್ಲ, ಬಂತು. ಬಂದಿದ್ದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ಇಂದ್ರಮ್ಮ, ಅವರು ಹೇಳಿದ್ದು ಸುಳ್ಳು. ಮೂರೂ ಸಲ ನನ್ನಿಂದಲೇ ತಡ ಆಗಿದ್ದು. ಆ ಮಗು ಸೀಟು ವಾಪಸ್ ಕೊಟ್ಟು ನಮ್ಮದು ತೆಗೀರಿ."

ಇಂದ್ರಮ್ಮ ಬೀರುವಿನಿಂದ ಅವಳ ಮಕ್ಕಳ ಅರ್ಜಿ ತಂದು ಮುಂದೆ ಹಿಡಿದರು. ಹೆತ್ತವರು ಬರಲಾಗದಿದ್ದರೆ ಯಾರ ಕೈಗೆ ಮಗುವನ್ನು ಕೊಡಬಹುದು ಅಂತ ಕೇಳಿದ್ದ ಕಡೆ ಮಧುಶ್ರೀ ಏನೂ ಬರೆದಿರಲಿಲ್ಲ.

"ಇಷ್ಟು ದೊಡ್ಡ ಊರಲ್ಲಿ ಒಬ್ಬರ ಹೆಸರು ಸಿಗಲಿಲ್ವೇನೇ ನಿಂಗೆ? ಇಲ್ಲೊಂದು ಹೆಸರಿದ್ದಿದ್ರೆ ಐದೂವರೆಗೆ ಅವರ ಕೈಗೆ ಮಕ್ಕಳನ್ನ ಕೊಟ್ಟು ನಾನು ಗೇಟು ಹಾಕ್ತಿದ್ದೆ. ಅವನ ಮಗಳು ನಾಳೆಯಿಂದ ಬರಲಿ. ನೀನು ಇದನ್ನ ತಗೊಂಡ್ಹೋಗಿ ನಾಳೆ ಬೆಳಗ್ಗೆ ಒಂದು ಹೆಸರು ಬರ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ಸೀಟು ಕೊಟ್ಬುಡ್ತೀನಿ, ಆಮೇಲೆ ಅತ್ತರೆ ಕೇಳಲ್ಲ."

* * *

ಇಬ್ಬರು ಮಕ್ಕಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮಧುಶ್ರೀ ವಿದ್ಯಾರಣ್ಯಪುರಂಗೆ ಹೋದಳು. ಹೆಸರು ಕೇಳೋಕಲ್ಲ. ಅಷ್ಟು ಮಾತಾಡಿದಮೇಲೆ ಯಾವ ಮುಖ ಇಟ್ಕೊಂಡು ಕೇಳೋದು? ಕ್ಷಮೆ ಕೇಳಿ, ಸೀಟಿನ ವಿಷಯ ಹೇಳಿ ವಾಪಸ್ ಬರೋದು. ನಾಳೆ ಓದು ಬಿಡೋದು. ದಾರಿಯಲ್ಲೇ ತೀರ್ಮಾನ ಮಾಡಿಯಾಗಿತ್ತು.

ಗ್ಯಾರೇಜಿನಲ್ಲಿ ಒಂದು ಹಳೇ ಟೈರಿನ ಮೇಲೆ ಸಮನ್ವಿತಾ ಕೂತು ಬಣ್ಣ ಹಚ್ಚುತ್ತಿದ್ದಳು. ಕೆನ್ನೆಗೆಲ್ಲ ಗ್ರೀಸು. ಇಡೀ ದಿನ ಆ ಮಗು ಅಲ್ಲೇ ಕೂತಿತ್ತು. ಅನನ್ಯಳನ್ನು ಕಂಡು ಖುಷಿಯಿಂದ ಓಡಿ ಬಂತು. ಮಧುಶ್ರೀಗೆ ತಡೆಯೋಕಾಗಲಿಲ್ಲ. ಸೆರಗಿನಿಂದ ಆ ಕೆನ್ನೆ ಒರೆಸುತ್ತಾ ಅತ್ತಳು.

ನಾಗಾರ್ಜುನ ಕೈ ಒರೆಸಿಕೊಂಡು ಬಂದು ಮಕ್ಕಳನ್ನು ಗ್ಯಾರೇಜಿನ ಹಿಂದಿದ್ದ ತನ್ನ ಮನೆಗೆ ಕಳಿಸಿದ. ಅವಳು ಎಲ್ಲ ಹೇಳಿದಳು, ಇಂದ್ರಮ್ಮನ ಹತ್ತಿರ ಒಪ್ಪಿಕೊಂಡದ್ದು, ಸೀಟು ವಾಪಸ್ ಬಂದದ್ದು, ಕ್ಷಮೆ. ಓದು ಬಿಡ್ತೀನಿ ಅಂದಾಗ ಮಾತ್ರ ಅವನು ತಲೆಯೆತ್ತಿದ.

"ಬಿಡಬೇಡಿ."

"ಯಾಕೆ ಹೀಗೆ ಮಾಡಿದ್ರಿ? ನಾನು ನಿಮಗೆ ಯಾರು ಅಂತ?"

ಅವನು ಹೇಳಿದ, ನಿಧಾನಕ್ಕೆ. ಹೆಂಡತಿಗೆ ಬಿ.ಎಡ್ ಮಾಡಿ ಟೀಚರ್ ಆಗೋ ಆಸೆ ಇತ್ತು. ಮೊದಲನೇ ವರ್ಷ ಕೇಳಿದಾಗ ಮಗು ಒಂಚೂರು ದೊಡ್ಡದಾಗಲಿ ಅಂದಿದ್ದ. ಎರಡನೇ ವರ್ಷವೂ ಅದನ್ನೇ ಅಂದಿದ್ದ.

"ಮೂರನೇ ವರ್ಷ ಅವಳು ಕೇಳಲೇ ಇಲ್ಲ. ಆ ವರ್ಷವೇ ಡೆಂಗ್ಯೂ ಬಂತು. ಬೇಡ ಅಂತ ನಾನು ಯಾವತ್ತೂ ಅನ್ನಲಿಲ್ಲ ಕಣ್ರೀ... 'ಆಮೇಲೆ' ಅಂತ ಅಂತಿದ್ದೆ, ಅಷ್ಟೇ."

ಮಧುಶ್ರೀಗೆ ಆ ಪಾಪಪ್ರಜ್ಞೆ ಚೆನ್ನಾಗಿ ಗೊತ್ತಿತ್ತು. ದಿನಾ ಅದರ ಜೊತೆಗೇ ಉಂಡು ಮಲಗುವವಳು ಅವಳು. ಆದರೂ ಎಲ್ಲೋ ಒಂದು ಕಡೆ ನೋವಾಯಿತು.

"ಹಾಗಾದ್ರೆ ಇದೆಲ್ಲ ಅವರಿಗೋಸ್ಕರ ಮಾಡಿದ್ದು."

"ಮೊದಲನೇ ಸಲ ಅವಳಿಗೋಸ್ಕರ," ಅಂದ. "ಎರಡನೇ ಸಲ, ಮೂರನೇ ಸಲ... ನೀವು ಬರೋ ದಾರೀನೇ ನೋಡ್ತಾ ಕೂತಿರ್ತಿದ್ದೆ. ನಿಮಗೆ ತಡ ಆದಷ್ಟೂ ನಂಗೆ ಅಲ್ಲಿ ಕೂರೋಕೆ ಸಿಗೋದಲ್ಲ ಅಂತ ಖುಷಿ ಆಗ್ತಿತ್ತು. ನಿಮ್ಮ ಮಕ್ಕಳು ಅಳ್ತಿರೋವಾಗ ನಂಗೆ ಖುಷಿ, ನೋಡಿ. ಬೈದಿದ್ದು ಸರಿಯಾಗೇ ಇತ್ತು ಬಿಡಿ."

ಒಳಗೆ ಮೂರು ಮಕ್ಕಳ ನಗು ಕೇಳಿಸುತ್ತಿತ್ತು. ಮಧುಶ್ರೀ ಬ್ಯಾಗಿನಿಂದ ಅರ್ಜಿ ತೆಗೆದಳು. ಕೆಲಸ ಬಿಟ್ಟ ದಿನವೂ ಇಷ್ಟು ಹೆದರಿರಲಿಲ್ಲ. ಒಬ್ಬರನ್ನು ಬೇಕು ಅಂತ ಕೇಳೋದು ಅವಳಿಗೆ ಮರೆತೇ ಹೋಗಿತ್ತು.

"ಇಲ್ಲಿ... ನಿಮ್ಮ ಹೆಸರು ಬರೀಲಾ?"

"ಬರೀರಿ."

ಬರೆದಳು. ಬರೆದಾದ ಮೇಲೂ ಪೆನ್ನು ಮುಚ್ಚಲಿಲ್ಲ. ಎರಡು ವರ್ಷದಿಂದ ಯಾರಿಗೂ ಹೇಳದ ಭಯ ಅವತ್ತು ಬಾಯಿಗೆ ಬಂತು.

"ನಾಳೆ ದೊಡ್ಡವರಾದಮೇಲೆ ನನ್ನ ಮಕ್ಕಳು ಕೇಳಿದ್ರೆ? ನಾವು ಮೆಟ್ಟಿಲ ಮೇಲೆ ಕಾಯ್ತಾ ಕೂತಿದ್ವಲ್ಲ, ಅಮ್ಮ ಎಲ್ಲಿಗೆ ಹೋಗಿದ್ಲು ಅಂತ ಕೇಳಿದ್ರೆ ಏನು ಹೇಳಲಿ?"

"ನೀವು ಹೇಳಬೇಡಿ. ನಾನು ಹೇಳ್ತೀನಿ. ಅವರ ಜೊತೆ ಕೂತಿದ್ದವನು ನಾನಲ್ವಾ? ನಿಮ್ಮಮ್ಮ ಒಬ್ಬರ ರಕ್ತ ನಿಲ್ಲೋವರೆಗೂ ಕೈ ಬಿಡದೆ ಹಿಡ್ಕೊಂಡಿದ್ಲು, ಅದಕ್ಕೇ ತಡ ಆಯ್ತು ಅಂತೀನಿ."

ಅವಳು ಕಣ್ಣು ಒರೆಸಿಕೊಂಡಳು.

"ಅವರು ಹಾಗೆ ಕೇಳೋಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕು. ಅಷ್ಟು ದಿನ ನೀವು ಇರ್ತೀರಾ?"

"ಇರಲಾ ಅಂತಲೇ ಕೇಳ್ತಿದೀನಿ, ಮಧು."